‘ಮೊದ್ಲೇ ಇತ್ತು’ ಎನ್ನುತ್ತಿದ್ದ ರಿಪೇರಿಯವನು

ಆತನಿಗೆ ಸನ್ಮಾನವಂತೆ. ಮಂಡ್ಯದ ಒಂದು ಸಂಘದವರು ಶಾಲು ಹೊದಿಸಿ, ಪೇಟ ತೊಡಿಸಿ, ಜೊತೆಗೊಂದು ಸ್ಮರಣ ಸಂಚಿಕೆಯನ್ನೂ ತರುತ್ತಾರಂತೆ. ನಮ್ಮ ಯಜಮಾನರ ಚಿಕ್ಕಪ್ಪನ ಮಗ ಆ ಸಂಘದ ಕಾರ್ಯದರ್ಶಿ. ಹೋದ ಭಾನುವಾರ ಫೋನು ಮಾಡಿ, “ಅತ್ಗೆ, ನೀವು ಕನ್ನಡ ಮೇಡಮ್ಮು. ಅವನ ಬಗ್ಗೆ ಒಂದೆರಡು ಪುಟ ಬರ್ಕೊಡಿ. ಎಷ್ಟೊರ್ಸದಿಂದ ನೋಡಿದ್ದೀರಿ” ಎಂದ. ನೋಡಿರುವುದು ನಿಜ. ಬರೆಯುತ್ತೇನೆ ಎಂದೆ. ಬರೆದದ್ದು ಇದು. ಅಚ್ಚು ಹಾಕುವುದು ಬಿಡುವುದು ಅವರ ಇಷ್ಟ. ಹೆಸರು ಮಾತ್ರ ಹಾಕುವುದಿಲ್ಲ. ಹಾಕಿದರೆ ಆತ ಇದನ್ನೂ ಓದದೆ ಕತ್ತರಿಸಿ, ಕಟ್ಟು ಹಾಕಿಸಿ, ಗೋಡೆಗೆ ನೇತುಹಾಕಿಕೊಂಡಾನು.

ಮಂಡ್ಯದ ಬಸ್ ನಿಲ್ದಾಣದಿಂದ ತುಸು ದೂರದಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ ಆತನ ಲ್ಯಾಪ್‌ಟಾಪ್ ರಿಪೇರಿ ಅಂಗಡಿಯಿತ್ತು. ಮೆಟ್ಟಿಲು ಹತ್ತುವಾಗ ಬೆಣ್ಣೆ ಬಿಸ್ಕತ್ತಿನ ವಾಸನೆ, ಮೇಲೆ ಹೋದರೆ ಸುಟ್ಟ ತಂತಿಯ ವಾಸನೆ. ಗೋಡೆಯ ತುಂಬ ಕಟ್ಟು ಹಾಕಿದ ಪ್ರಮಾಣಪತ್ರಗಳು. ಒಂದು ದಿನ ಕಾಯುತ್ತ ಕೂತಾಗ ಓದಿ ನೋಡಿದ್ದೆ. ಅವುಗಳಲ್ಲಿ ಒಂದು ಯೋಗ ಶಿಬಿರದ್ದು, ಇನ್ನೊಂದು ರಕ್ತದಾನದ್ದು.

ಗಡಿಯಾರ ರಿಪೇರಿಯವರು ಕಣ್ಣಿಗೆ ಹಾಕಿಕೊಳ್ಳುವಂಥ ಭೂತಗನ್ನಡಿಯ ಪಟ್ಟಿಯೊಂದು ಸದಾ ಆತನ ಹಣೆಯ ಮೇಲಿರುತ್ತಿತ್ತು. ಕೆಳಗೆ ಟೀ ಕುಡಿಯಲು ಇಳಿದಾಗಲೂ ಇರುತ್ತಿತ್ತು. ನಮ್ಮ ನೆಂಟರೊಬ್ಬರ ಬೀಗರ ಊಟದಲ್ಲಿ ಆತ ಅದನ್ನು ಹಾಕಿಕೊಂಡೇ ಪಂಕ್ತಿಯಲ್ಲಿ ಕೂತಿದ್ದನ್ನು ನಾನು ಕಂಡಿದ್ದೇನೆ. ಆದರೆ ಆ ಗಾಜು ಹಣೆಯಿಂದ ಕಣ್ಣಿಗೆ ಇಳಿದದ್ದನ್ನು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ನೋಡಲಿಲ್ಲ. ಯಂತ್ರದ ಬೆನ್ನು ಬಿಚ್ಚಿದ ಕೂಡಲೇ ಆತ ಮಾಡುತ್ತಿದ್ದ ಮೊದಲ ಕೆಲಸ, ಬಾಯಿಂದ ‘ಉಫ್’ ಎಂದು ಊದುವುದು. ಬಿದ್ದ ಮಗುವಿನ ಮೊಣಕಾಲಿಗೆ ಅಜ್ಜಿ ಊದುತ್ತಾಳಲ್ಲ, ಹಾಗೆ. ಎರಡನೆಯ ಕೆಲಸ, ತಲೆ ಅಲ್ಲಾಡಿಸುವುದು. “ಯಾರೋ ಕೈ ಹಾಕವ್ರೆ” ಎನ್ನುತ್ತಿದ್ದ. ಹೊಸ ಲ್ಯಾಪ್‌ಟಾಪಿಗೂ ಅದೇ ಮಾತು. ಮೂರನೆಯದು, ರಿಪೇರಿ ಮುಗಿದ ಮೇಲೆ ಮಿಕ್ಕ ಸ್ಕ್ರೂಗಳನ್ನು ಕಾಗದದಲ್ಲಿ ಮಡಿಸಿ ನಮ್ಮ ಕೈಗೆ ಕೊಡುವುದು. ಮೊದಲ ಸಲ ನನಗೆ ಗಾಬರಿಯಾಗಿ, “ಇವು ಯಾಕೆ ಮಿಕ್ಕವು?” ಎಂದು ಕೇಳಿದೆ.

“ಅವು ಎಕ್ಸ್‌ಟ್ರಾ ಅತ್ಗೆ. ಕಂಪ್ನಿಯೋರು ಸುಮ್ಕೆ ಜಾಸ್ತಿ ಹಾಕ್ಬುಟ್ಟಿರ್ತಾರೆ.”

ಆತ ನನ್ನನ್ನು ಅತ್ಗೆ ಎನ್ನುತ್ತಿದ್ದುದಕ್ಕೆ ಕಾರಣವಿದೆ. ನಮ್ಮ ಯಜಮಾನರ ಊರು ದುದ್ದದ ಹತ್ತಿರ, ಆತನದೂ ಅದೇ ಊರು. ನನ್ನ ಲ್ಯಾಪ್‌ಟಾಪಿನ ಪಾಡಿಗೆ ಮೂಲ ಈ ಸಂಬಂಧವೇ.

ಶಾಲೆಗಳು ಮುಚ್ಚಿ, ಮನೆಯಲ್ಲೇ ಕೂತು ಪಾಠ ಮಾಡಬೇಕಾಗಿ ಬಂದ ಕಾಲದಲ್ಲಿ ನಾನು ಲ್ಯಾಪ್‌ಟಾಪು ಕೊಂಡೆ. ಮದ್ದೂರಿನ ಪ್ರೌಢಶಾಲೆಯೊಂದರಲ್ಲಿ ನಾನು ಕನ್ನಡ ಶಿಕ್ಷಕಿ, ಮನೆ ಮಂಡ್ಯದಲ್ಲಿ. ಮುಂದಿನ ವರ್ಷ ಅದರ ಪರದೆ ಹಿಡಿದಿರುವ ಕೀಲು ಸಡಿಲವಾಯಿತು. ಮೈಸೂರಿಗೆ ಕೊಡೋಣ ಎಂದು ನಾನು ಹೊರಟರೆ, ನಮ್ಮತ್ತೆ ಅಡ್ಡ ಬಂದರು.

“ನಮ್ಮೂರೈದ ಅಂಗ್ಡಿ ಮಡಗಿರೋವಾಗ ಕಂಡೋರ ತಾವ್ಕೆ ಯಾಕವ್ವ ಓಯ್ತೀಯೆ? ಅವ ನಮ್ಮೋನು ಕಣವ್ವ.”

ನಮ್ಮೋನು. ಈ ಒಂದು ಮಾತಿನ ಮೇಲೆ ಆತನ ಅಂಗಡಿ ನಿಂತಿತ್ತು. ಕೊಟ್ಟೆ. ಕೀಲು ಗಟ್ಟಿಯಾಗಿ ಬಂತು. ಮನೆಗೆ ತಂದು ಹಾಕಿದರೆ ಒಳಗಿನ ಫ್ಯಾನು ಅಕ್ಕಿ ಗಿರಣಿಯಂತೆ ಸದ್ದು ಮಾಡತೊಡಗಿತು. ವಾಪಸ್ಸು ಒಯ್ದೆ. ಆತ ಕಿವಿಗೊಟ್ಟು ಕೇಳಿ, ನನ್ನನ್ನು ಕರುಣೆಯಿಂದ ನೋಡಿದ.

“ಈ ಸೌಂಡು ಮೊದ್ಲೇ ಇತ್ತು ಅತ್ಗೆ. ನೀವು ಗಮ್ನ ಕೊಟ್ಟಿರ್ಲಿಲ್ಲ.”

ಇದು ಆತನ ಮಹಾವಾಕ್ಯ. ಯಾವ ಊರಿನ ಯಾರೇ ಬಂದು ಏನೇ ಹೊಸ ತೊಂದರೆ ಹೇಳಿದರೂ ಅದು ಮೊದಲೇ ಇರುತ್ತಿತ್ತು. ಆತ ಮುಟ್ಟುವ ಮುಂಚೆ ಲೋಕದ ಎಲ್ಲ ಯಂತ್ರಗಳೂ ಎಲ್ಲ ರೋಗಗಳನ್ನೂ ಒಳಗೆ ಇಟ್ಟುಕೊಂಡು ಸುಮ್ಮನಿದ್ದವು, ಆತ ಬರೀ ಅವುಗಳನ್ನು ಬೆಳಕಿಗೆ ತರುವವನು.

ಫ್ಯಾನಿನ ಸದ್ದು ನಿಂತಿತು. ಈ ಸಲ ಕೀಬೋರ್ಡಿನಲ್ಲಿ ಹಕಾರ ಮೂಡುವ ಕೀಲಿ ಸತ್ತುಹೋಯಿತು. ಕನ್ನಡ ಶಿಕ್ಷಕಿಯ ಯಂತ್ರದಲ್ಲಿ ಹಕಾರವಿಲ್ಲ. ಅರ್ಧವಾರ್ಷಿಕ ಪ್ರಶ್ನೆಪತ್ರಿಕೆ ಮಾಡಬೇಕಿತ್ತು. ಹಳೆಯ ಕಡತವೊಂದರಿಂದ ಒಂದು ‘ಹ’ವನ್ನು ನಕಲು ಮಾಡಿಟ್ಟುಕೊಂಡು, ಹಳಗನ್ನಡ ಬಂದಲ್ಲಿ, ಹೊಸಗನ್ನಡ ಬಂದಲ್ಲಿ, ಹರಿಹರ ಬಂದಲ್ಲಿ ಎರಡೆರಡು ಸಲ, ಒಂದೊಂದಾಗಿ ಅಂಟಿಸಿ ಅಂಟಿಸಿ ಬೆರಳು ಸೋತಿತು. ಮತ್ತೆ ಮೆಟ್ಟಿಲು ಹತ್ತಿ ಹೇಳಿದೆ.

“ಮಂಡ್ಯದಲ್ಲಿ ಹಕಾರ ಯಾಕ್ ಬೇಕು ಅತ್ಗೆ? ನಾವು ಮಾತಾಡೋದೇ ಅಂಗಲ್ವಾ” ಎಂದು ಅಂಗಡಿಯಲ್ಲಿದ್ದವರ ಕಡೆ ತಿರುಗಿದ. ಎಲ್ಲರೂ ನಕ್ಕರು. ನನಗೂ ನಗು ಬಂತು, ಸುಳ್ಳು ಹೇಳುವುದಿಲ್ಲ. ಆಮೇಲೆ ಟೀ ತರಿಸಿದ. ನಮ್ಮೋರಿಗೆಲ್ಲ ಅಲ್ಲಿ ಗಾಜಿನ ಲೋಟದಲ್ಲಿ ಟೀ ಬರುತ್ತಿತ್ತು. ಟೀ ಕುಡಿದವರು ಜಗಳವಾಡುವುದಿಲ್ಲ ಎಂದು ಆತನಿಗೆ ಗೊತ್ತಿತ್ತು. ಯಂತ್ರದ ಬಗ್ಗೆ ಏನೂ ಗೊತ್ತಿರದಿದ್ದರೂ ಮನುಷ್ಯರನ್ನು ಬಿಚ್ಚಿ ಜೋಡಿಸುವುದು ಚೆನ್ನಾಗಿ ಬರುತ್ತಿತ್ತು.

ಕೆಲಸ ಬರದಿರುವುದು ಅಪರಾಧವಲ್ಲ. ನಮ್ಮ ಶಾಲೆಯಲ್ಲೂ ಪಾಠ ಮಾಡಲು ಬಾರದವರಿದ್ದಾರೆ. ಆದರೆ ‘ನಂಗೆ ಗೊತ್ತಿಲ್ಲ’ ಎಂಬ ಮಾತು ಆತನ ಬಾಯಿಂದ ಒಂದು ಸಲವೂ ಹೊರಡಲಿಲ್ಲ. ಅಲ್ಲಿಯವರೆಗೂ ನನಗೆ ಆತನ ಮೇಲೆ ಇದ್ದದ್ದು ಬೇಸರ, ಸ್ವಲ್ಪ ತಮಾಷೆ. ಅದು ತಿರಸ್ಕಾರವಾದದ್ದು ಪುಟ್ಟಸ್ವಾಮಿಯವರ ಲ್ಯಾಪ್‌ಟಾಪಿನ ಸಂಗತಿಯಲ್ಲಿ.

ಪುಟ್ಟಸ್ವಾಮಿ ನಮ್ಮ ಶಾಲೆಗೆ ವರ್ಗವಾಗಿ ಬಂದ ಸಮಾಜ ವಿಜ್ಞಾನದ ಮೇಷ್ಟ್ರು. ಮಳವಳ್ಳಿ ಕಡೆಯ ಹಳ್ಳಿಯವರು. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ನನಗಿಂತ ಬಹಳ ಚಿಕ್ಕವರು. ಅವರ ಲ್ಯಾಪ್‌ಟಾಪು ಮಾತಾಡುತ್ತಿತ್ತು. ಪರದೆಯ ಮೇಲಿನ ಪ್ರತಿ ಅಕ್ಷರವನ್ನೂ ಓದಿ ಹೇಳುವ ತಂತ್ರಾಂಶ ಅದರಲ್ಲಿತ್ತು. ಅವರು ಒಂದು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಇನ್ನೊಂದು ಕಿವಿಯಲ್ಲಿ ನಮ್ಮ ಹರಟೆ ಕೇಳುತ್ತ, ಸರಸರನೆ ಬೆರಳಾಡಿಸುತ್ತಿದ್ದರು. ಆ ದನಿಯ ವೇಗ ಎಷ್ಟೆಂದರೆ, ನಾವು ಇಯರ್‌ಫೋನು ಇಟ್ಟುಕೊಂಡರೆ ತಗಡಿನ ಮೇಲೆ ಭತ್ತ ಸುರಿದ ಹಾಗೆ ಕೇಳುತ್ತಿತ್ತು, ಒಂದು ಪದವೂ ತಿಳಿಯುತ್ತಿರಲಿಲ್ಲ. ಪದವಿಪೂರ್ವ ಕಾಲೇಜಿನ ಇತಿಹಾಸ ಉಪನ್ಯಾಸಕರ ಹುದ್ದೆಗೆ ಪರೀಕ್ಷೆ ಬರೆಯಬೇಕೆಂದು ಕೆಲವು ವರ್ಷಗಳಿಂದ ಓದುತ್ತಿದ್ದರು. ಕನ್ನಡದಲ್ಲಿ ಆ ಪುಸ್ತಕಗಳು ಕೇಳುವ ರೂಪದಲ್ಲಿ ಸಿಗುವುದಿಲ್ಲ. ಯಾರಾದರೂ ಓದಿ ಹೇಳಿದ್ದನ್ನು ತಾವೇ ಟಿಪ್ಪಣಿ ಮಾಡಿ ಲ್ಯಾಪ್‌ಟಾಪಿನಲ್ಲಿ ತುಂಬಿಕೊಂಡಿದ್ದರು.

ಪರೀಕ್ಷೆಗೆ ಇನ್ನೇನು ತಿಂಗಳಿದೆ ಎನ್ನುವಾಗ ಅದರ ಚಾರ್ಜಿಂಗ್ ಪಿನ್ನು ಅಲುಗಾಡತೊಡಗಿತು. ಆಗಿನ ಹೆಡ್‌ಮಾಸ್ಟರು, “ಮಂಡ್ಯದಲ್ಲಿ ನಮ್ಮೋನೊಬ್ಬ ಅವ್ನೆ, ಕೊಡ್ರಿ” ಎಂದರು. ಬೇಡ, ಮೈಸೂರಿಗೆ ಕಳಿಸೋಣ ಎಂದು ನಾನು ಹೇಳಿದೆ. ಪುಟ್ಟಸ್ವಾಮಿ ನಕ್ಕರು. “ಒಂದು ಪಿನ್ನಲ್ವಾ ಮೇಡಂ. ಅದನ್ನೇನು ಕೆಡಿಸ್ತಾರೆ ಬುಡಿ.”

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಬ್ಬರೂ ರೈಲು ಹತ್ತಿ ಮಂಡ್ಯಕ್ಕೆ ಬಂದೆವು. ಅಂಗಡಿಯಲ್ಲಿ ಆತ ಅವರ ಕಡೆ ನೋಡಿ, ನನ್ನನ್ನು ಕೇಳಿದ.

“ಯಾವೂರಂತೆ ಇವ್ರು?”

“ನನ್ನೇ ಕೇಳಿ ಸಾರ್. ಕಿವಿ ಸರ್ಯಾಗದೆ” ಎಂದರು ಪುಟ್ಟಸ್ವಾಮಿ. “ಮಳವಳ್ಳಿ ಕಡೆ.”

“ಮಳವಳ್ಳಿ ಕಡೆ ಅಂದ್ರೆ, ಯಾರ ಪೈಕಿ?”

ನಮ್ಮ ಕಡೆ ಈ ಪ್ರಶ್ನೆಗೆ ಅರ್ಥ ಒಂದೇ. ಪುಟ್ಟಸ್ವಾಮಿ ಕೋಲನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು, “ಬುದ್ಧನ ಪೈಕಿ” ಎಂದರು. ಅವರ ಮನೆಯವರು ತಂದೆಯ ಕಾಲದಿಂದ ಬೌದ್ಧರು.

ಆತ ಹಣೆಯ ಪಟ್ಟಿಯನ್ನು ಸರಿಮಾಡಿಕೊಂಡ. ಕೆಳಗಿನಿಂದ ಒಂದು ಗಾಜಿನ ಲೋಟದಲ್ಲಿ ಟೀ ಬಂತು, ನನಗೆ. ಪುಟ್ಟಸ್ವಾಮಿಗೆ ವಾಸನೆ ಹತ್ತಿರಬೇಕು. “ಸಾರ್, ನಂಗೂ ಒಂದು ಯೋಳಿ. ಸಕ್ಕರೆ ಕಮ್ಮಿ ಇರ್ಲಿ” ಎಂದರು. ಆಮೇಲೆ ಬಂದದ್ದು ಕಾಗದದ ಕಪ್ಪಿನಲ್ಲಿ. ಅವರು ಅದನ್ನು ಕೈಯಲ್ಲಿ ಒಮ್ಮೆ ತಿರುಗಿಸಿ, ಪೂರ್ತಿ ಕುಡಿದು, ಕಪ್ಪನ್ನು ಆತನ ಮೇಜಿನ ಮೇಲೆಯೇ ಇಟ್ಟರು. ಎದ್ದು ಹೊರಡುವಾಗ, “ಒಳಗೆ ನನ್ನ ನೋಟ್ಸೆಲ್ಲ ಅದೆ ಸಾರ್. ಪಿನ್ನು ಬಿಟ್ಟು ಬ್ಯಾರೆ ಏನೂ ಮುಟ್ಬೇಡಿ” ಎಂದು ಬಿಡಿಸಿ ಹೇಳಿದರು. “ಮುಟ್ಟಕಿಲ್ಲ ಬುಡಿ” ಎಂದ ಆತ.

ಮುಂದಿನ ವಾರ ಇಬ್ಬರೂ ಹೋದೆವು. ಪಿನ್ನು ಸರಿಯಾಗಿತ್ತು. ಪುಟ್ಟಸ್ವಾಮಿ ಅಲ್ಲೇ ಸ್ಟೂಲಿನ ಮೇಲೆ ಕೂತು, ಲ್ಯಾಪ್‌ಟಾಪು ತೊಡೆಯ ಮೇಲಿಟ್ಟುಕೊಂಡು, ಇಯರ್‌ಫೋನು ಸಿಕ್ಕಿಸಿಕೊಂಡರು. ಕಾದರು. ಒಂದು ಕೀಲಿ ಒತ್ತಿದರು. ಇನ್ನೊಂದು ಒತ್ತಿದರು. ಇಯರ್‌ಫೋನು ಕಿತ್ತು, ಯಂತ್ರದ ಪಕ್ಕಕ್ಕೆ ಕಿವಿ ತಾಗಿಸಿ ಕೇಳಿದರು.

“ಇದು ಮಾತಾಡ್ತಿಲ್ವಲ್ಲ ಸಾರ್.”

ಆತ ಬಗ್ಗಿ, ಪರದೆಯನ್ನು ಅವರ ಮುಖದ ಕಡೆ ತಿರುಗಿಸಿದ. “ಡಿಸ್‌ಪ್ಲೇ ಎಷ್ಟು ಕ್ಲೀನಾಗ್ ಬತ್ತಾ ಅದೆ, ನೀವೇ ನೋಡಿ ಸಾರ್.”

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಅವರು ತಲೆ ತಗ್ಗಿಸಿದರು. ಆತ ತಗ್ಗಿಸಲಿಲ್ಲ. ಬಾಯಿ ತಪ್ಪಿ ಬಂದ ಮಾತಿರಬಹುದು, ಅದಕ್ಕೆ ಒಂದು ನಿಮಿಷ ನಾಚಿಕೊಂಡಿದ್ದರೆ ನಾನು ಆ ಮನುಷ್ಯನನ್ನು ಅಲ್ಲಿಯೇ ಕ್ಷಮಿಸಿಬಿಡುತ್ತಿದ್ದೆ. ಆತ ನೆಟ್ಟಗೆ ನಿಂತು, “ಸೌಂಡು ಮೊದ್ಲೇ ಓಗಿತ್ತು ಸಾರ್. ನಾನು ಪಿನ್ನು ಬಿಟ್ಟು ಬ್ಯಾರೇದು ಮುಟ್ಟಿಲ್ಲ” ಎಂದ.

“ಮೊದ್ಲೇ ಓಗಿದ್ರೆ ನಾನು ನಿಮ್ಮತ್ರ ಬರೋಗಂಟ ಇದ್ರಲ್ಲಿ ಕೆಲಸ ಎಂಗ್ ಮಾಡ್ತಿದ್ದೆ ಸಾರ್?” ಎಂದರು ಪುಟ್ಟಸ್ವಾಮಿ. ದನಿ ಏರಿಸಲಿಲ್ಲ.

“ಅದೇನೋ ನಂಗೊತ್ತಾ? ಬುಟ್ಟೋಗಿ, ನೋಡ್ತೀನಿ.”

ಬಿಟ್ಟುಹೋಗದೆ ಬೇರೆ ದಾರಿ ಇರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಮಾತಾಡದ ಲ್ಯಾಪ್‌ಟಾಪು ಅವರ ಪಾಲಿಗೆ ಒಂದು ಹಲಗೆ ಅಷ್ಟೆ. ಎರಡು ದಿನ ಬಿಟ್ಟು ಆತನೇ ನನಗೆ ಫೋನು ಮಾಡಿದ. “ಅತ್ಗೆ, ನಿಮ್ ಮೇಷ್ಟ್ರಿಗೆ ಯೋಳಿ, ಈಗ ಸಕತ್ತಾಗ್ ಮಾತಾಡ್ತಾ ಅದೆ.”

ಮಾತಾಡುತ್ತಿತ್ತು. ಪುಟ್ಟಸ್ವಾಮಿ ಇಯರ್‌ಫೋನು ಹಾಕಿಕೊಂಡಾಗ ಅವರ ಮುಖ ಮೊದಲು ಅರಳಿತು. ಆಮೇಲೆ ಬೆರಳುಗಳು ನಿಧಾನವಾದವು. ಒಂದು ಕಡೆ ಹೋದರು, ವಾಪಸ್ಸು ಬಂದರು, ಇನ್ನೊಂದು ಕಡೆ ಹೋದರು. ಮನೆಗೆ ಬಂದವನು ಕತ್ತಲಲ್ಲಿ ಗೋಡೆ ತಡವಿ, ಗೋಡೆಯೇ ಇಲ್ಲದ್ದನ್ನು ಕಂಡ ಹಾಗೆ.

“ಸಾರ್, ಇದ್ರೊಳಗಿದ್ದಿದ್ದೆಲ್ಲ?”

“ಎಲ್ಲಾ ತೆಗ್ದು, ಆ ಮಾತಾಡೋದೂ ಸೇರಿ ಫ್ರೆಶ್ಶಾಗಿ ಸಾಫ್ಟ್‌ವೇರ್ ಹಾಕಿವ್ನಿ ಸಾರ್. ಅದಿಕ್ಕೇ ಸೌಂಡ್ ಬಂದದ್ದು. ಈಗ ಹೊಸಾದ್ರಂಗೆ ಅದೆ.”

“ನನ್ನ ನೋಟ್ಸು ಇತ್ತು ಸಾರ್. ಮುಟ್ಬೇಡಿ ಅಂದಿದ್ದೆ.”

“ನೋಟ್ಸಾ? ಅಂತಾವೆಲ್ಲ ಬುಕ್ಕಲ್ಲಿ ಬರ್ದಿಟ್ಕೋಬೇಕು ಸಾರ್.”

ನಾನು ಆಗ ಎದ್ದು ನಿಂತೆ. ಏನು ಮಾತಾಡಿದೆನೋ ಎಲ್ಲ ನೆನಪಿಲ್ಲ. ಇವರ ವರ್ಷಗಳ ಶ್ರಮವನ್ನು ಅಳಿಸಿದ್ದೀಯ, ತಪ್ಪಾಯಿತು ಎಂದಾದರೂ ಹೇಳು ಎಂದು ಕೇಳಿದ್ದು ನೆನಪಿದೆ. ಆತ ಮೊದಲ ಬಾರಿಗೆ ಹಣೆಯ ಪಟ್ಟಿ ಕಳಚಿ ಮೇಜಿನ ಮೇಲಿಟ್ಟ. ನಿಜವಾಗಿಯೂ ನೊಂದುಕೊಂಡವನ ಹಾಗೆ ಕಾಣುತ್ತಿದ್ದ. ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ, ಕಣ್ಣು ಕಾಣದವರಿಗೆ ಕಿವಿಯೂ ಕೇಳಿಸುವುದಿಲ್ಲ ಎಂದುಕೊಂಡವನಂತೆ ಹೇಳಿದ:

“ಅತ್ಗೆ, ನೀವು ನಮ್ಮೋರಾಗಿ ಅವ್ರ ಪರ ಮಾತಾಡ್ತೀರಲ್ಲ.”

ಆತನನ್ನು ನೋಯಿಸಿದ ಸಂಗತಿ ಇದೊಂದೇ. ಪುಟ್ಟಸ್ವಾಮಿ ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು, ಕೋಲು ಬಿಡಿಸಿ, “ನಡೀರಿ ಮೇಡಂ” ಎಂದರು. ಕೆಳಗೆ ಬೇಕರಿಯ ಮುಂದೆ ನಿಂತು ಚೀಲವನ್ನು ಹೆಗಲಿಗೇರಿಸಿಕೊಂಡು, “ಪೆನ್‌ಡ್ರೈವಲ್ಲಿ ಮೊದಲ್ನೇ ವರ್ಸದ್ದು ಒಸಿ ಇರ್ಬೇಕು” ಎಂದರು.

ಮನೆಗೆ ಬಂದು ಅತ್ತೆಯ ಮುಂದೆ ನಡೆದದ್ದನ್ನೆಲ್ಲ ಹೇಳಿದೆ. ಆತನ ಪರವಾಗಿ ಏನಾದರೂ ಹೇಳುತ್ತಾರೆ ಎಂದುಕೊಂಡಿದ್ದೆ. ಸೊಪ್ಪು ಬಿಡಿಸುತ್ತಿದ್ದವರು ಕೈ ನಿಲ್ಲಿಸಿದರು.

“ಕಣ್ಣಿಲ್ದೋನ್ ಬಾಯ್ನೂ ಕಿತ್ಕಂಡ್ನಾ? ಇನ್ನು ಅವನ ಅಂಗ್ಡಿ ಮೆಟ್ಲು ಹತ್ಬೇಡ ಕಣವ್ವ. ನಮ್ಮೋನೂ ಅಲ್ಲ, ಯಾರೋನೂ ಅಲ್ಲ.”

ಆಮೇಲೆ ಆ ಲ್ಯಾಪ್‌ಟಾಪನ್ನು ಮೈಸೂರಿಗೆ ಒಯ್ದೆವು, ಏನಾದರೂ ಉಳಿದಿದೆಯೇ ನೋಡಲು. ಏನೂ ಉಳಿದಿರಲಿಲ್ಲ. ಅಲ್ಲಿಯವರು ಬಿಚ್ಚಿ ನೋಡಿ ಇನ್ನೊಂದು ವಿಷಯ ಹೇಳಿದರು. ಪಿನ್ನು ಕೂರಿಸುವಾಗ ಕಳಚಿದ ಸೌಂಡಿನ ತಂತಿಯನ್ನು ವಾಪಸ್ಸು ಸಿಕ್ಕಿಸುವುದನ್ನು ಆತ ಮರೆತಿದ್ದ. ಎರಡನೆಯ ಸಲ ಬಿಚ್ಚಿದಾಗ ಅದನ್ನು ಕಂಡು, ಸಿಕ್ಕಿಸಿ, ಮೇಲೊಂದು ಟೇಪು ಅಂಟಿಸಿದ್ದಾನೆ. ಸೌಂಡು ಬಂದದ್ದು ಅದರಿಂದ. ಆ ಹೊತ್ತಿಗೆ ಒಳಗಿದ್ದದ್ದನ್ನೆಲ್ಲ ಅಳಿಸಿಯಾಗಿತ್ತು. ತಂತಿ ಸಿಕ್ಕಿಸಿದ್ದನ್ನು ಹೇಳಿದರೆ ಮರೆತದ್ದನ್ನೂ ಹೇಳಬೇಕಾಗುತ್ತದೆ, ಅದಕ್ಕೇ ಹೊಸ ಸಾಫ್ಟ್‌ವೇರಿನ ಕತೆ. ಇದನ್ನು ಕೇಳಿದ ಮೇಲೆ ನನಗೆ ಸಿಟ್ಟು ಸಹ ಬರಲಿಲ್ಲ. ಸಿಟ್ಟಿಗೆ ಎದುರಿಗೆ ಒಬ್ಬ ಮನುಷ್ಯನಾದರೂ ಇರಬೇಕು.

ಉಳಿದ ದಿನಗಳಲ್ಲಿ ನಮ್ಮ ಸ್ಟಾಫ್ ರೂಮಿನವರು ಸರದಿಯಂತೆ ಪುಟ್ಟಸ್ವಾಮಿಗೆ ಪುಸ್ತಕ ಓದಿ ಹೇಳಿದೆವು. ಹಿಂದಿ ಮೇಡಂ ಉಸಿರು ಬಿಡದೆ ಓದುತ್ತಿದ್ದರು. ಪಿ.ಟಿ. ಮೇಷ್ಟ್ರು ವಿಜಯನಗರದ ಪತನವನ್ನು ಡ್ರಿಲ್ಲಿನ ದನಿಯಲ್ಲೇ ಓದಿದರು, ಮಕ್ಕಳು ಕಿಟಕಿಯಲ್ಲಿ ಇಣುಕಿ ನೋಡಿ ಓಡಿಹೋದರು. ಪುಟ್ಟಸ್ವಾಮಿ ಪರೀಕ್ಷೆಗೆ ಹೋಗಿ, ಸಹಾಯಕನಿಗೆ ಉತ್ತರ ಹೇಳಿ ಬರೆಸಿ ಬಂದರು. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬರಲಿಲ್ಲ.

“ನೋಟ್ಸ್ ಇದ್ದಿದ್ರೂ ಆಯ್ತಿರ್ನಿಲ್ವೇನೋ ಬುಡಿ ಮೇಡಂ” ಎಂದರು.

ಇರಬಹುದು. ಅದನ್ನು ತಿಳಿದುಕೊಳ್ಳುವ ದಾರಿಯನ್ನೂ ಆ ಮನುಷ್ಯ ಅಳಿಸಿಹಾಕಿದ್ದ. ಆ ಹುದ್ದೆಗೆ ಮತ್ತೆ ಯಾವಾಗ ಕರೆಯುತ್ತಾರೋ ಯಾರಿಗೂ ಗೊತ್ತಿಲ್ಲ. ಪುಟ್ಟಸ್ವಾಮಿ ಟಿಪ್ಪಣಿಗಳನ್ನು ಮೊದಲಿನಿಂದ ಮಾಡುತ್ತಿದ್ದಾರೆ.

ಆತ ಅಂಗಡಿ ಮುಚ್ಚಿದ. ನಷ್ಟವಾಗಿ ಮುಚ್ಚಿದ್ದಲ್ಲ, ಅದಕ್ಕಿಂತ ಒಳ್ಳೆಯದು ಸಿಕ್ಕಿ ಮುಚ್ಚಿದ್ದು. ನಾಲೆ ನೀರು ಹರಿಯುವ ಗದ್ದೆ ಬಯಲುಗಳನ್ನು ಸೈಟು ಮಾಡಿ ಮಾರುವವರ ಜೊತೆ ಸೇರಿಕೊಂಡ. ಭತ್ತ ಬೆಳೆಯುವ ನೆಲಕ್ಕೆ ಮಣ್ಣು ತುಂಬಿ ಅದನ್ನೂ ‘ಹೊಸಾದ್ರಂಗೆ’ ಮಾಡುವ ಕೆಲಸ ಆತನಿಗೆ ಒಗ್ಗಿತು. ಸಂಘದವರು ಸನ್ಮಾನ ಮಾಡುತ್ತಿರುವುದು ರಿಪೇರಿಗೋ ಸೈಟಿಗೋ ನನಗೆ ತಿಳಿಯದು.

ಕಳೆದ ವರ್ಷ ಆತ ನಮ್ಮ ಶಾಲೆಗೇ ಬಂದ. ಸೈಟು ಕೊಳ್ಳುವವರಲ್ಲಿ ಮೇಷ್ಟ್ರುಗಳು ಮುಂದು ಎಂದು ಅವರಿಗೆಲ್ಲ ಗೊತ್ತು. ಹೊಸದಾಗಿ ಬಂದಿದ್ದ ಹೆಡ್‌ಮಾಸ್ಟರರ ಅನುಮತಿ ಪಡೆದು, ಊಟದ ಬಿಡುವಿನಲ್ಲಿ ಸ್ಟಾಫ್ ರೂಮಿನ ಉದ್ದ ಮೇಜಿನ ಮೇಲೆ ಬಡಾವಣೆಯ ನಕ್ಷೆ ಹರಡಿದ. ಗರಿಗರಿ ಬಿಳಿ ಅಂಗಿ, ಹಣೆ ಬರಿದು. ಪುಟ್ಟಸ್ವಾಮಿಯವರ ನೋಟ್ಸು ಅಳಿಸಿದ ಕತೆ ಅಲ್ಲಿದ್ದವರಿಗೆಲ್ಲ ಗೊತ್ತಿತ್ತು, ಆತನ ಮುಖವನ್ನು ಮಾತ್ರ ನನ್ನನ್ನು ಬಿಟ್ಟರೆ ಯಾರೂ ನೋಡಿರಲಿಲ್ಲ. ಪುಟ್ಟಸ್ವಾಮಿ ಮೂಲೆಯಲ್ಲಿ ಊಟ ಮುಗಿಸಿ, ಲ್ಯಾಪ್‌ಟಾಪು ತೆರೆದುಕೊಂಡು ಕೂತಿದ್ದರು. ಆತನ ಮಾತು ಶುರುವಾದಾಗ ಇಯರ್‌ಫೋನು ತೆಗೆದರು.

ಪಿ.ಟಿ. ಮೇಷ್ಟ್ರು, “ಈ ರಿಯಲ್ ಎಸ್ಟೇಟ್‌ನೋರ ನಂಬೋದೆಂಗೆ ಸ್ವಾಮಿ?” ಎಂದು ಕೇಳಿದರು.

“ನನ್ನ ಬಗ್ಗೆ ಮಂಡ್ಯದಲ್ಲಿ ಯಾರ್ನಾದ್ರೂ ಕೇಳಿ ಸಾರ್” ಎಂದು ಆತ ಸುತ್ತ ನೋಡಿದ. ಮೂಲೆಯಲ್ಲಿದ್ದವರು ಕಣ್ಣಿಗೆ ಬಿದ್ದರು. ಮುಖ ಅರಳಿತು. “ಮಂಡ್ಯ ಯಾಕೆ, ಇಲ್ಲೇ ಅವ್ರಲ್ಲ, ಈ ಸಾರ್‌ನೇ ಕೇಳಿ. ಇವ್ರ ಲ್ಯಾಪ್‌ಟಾಪು ಸತ್ತೋಗಿತ್ತು. ನಾನೇ ಮಾತಾಡೋಂಗೆ ಮಾಡ್ಕೊಟ್ಟಿದ್ದು. ಅಲ್ವಾ ಸಾರ್?”

ನಾಚಿಕೆಯನ್ನು ಮುಚ್ಚಲು ಆಡಿದ ಮಾತಲ್ಲ ಅದು. ಆತ ಅದನ್ನು ನಂಬಿದ್ದ. ನಾನು ಬಾಯಿ ತೆರೆಯುವಷ್ಟರಲ್ಲಿ ಪುಟ್ಟಸ್ವಾಮಿ, “ಹೌದು. ಇವರೇ ಅವ್ರು” ಎಂದರು.

ಹಿಂದಿ ಮೇಡಂ ಡಬ್ಬಿಯ ಮುಚ್ಚಳವನ್ನು ಕೈಯಲ್ಲೇ ಹಿಡಿದು ಕೂತರು. ಪಿ.ಟಿ. ಮೇಷ್ಟ್ರು ನಕ್ಷೆಯ ಮೇಲಿಟ್ಟಿದ್ದ ಬೆರಳನ್ನು ತೆಗೆದರು. ಪುಟ್ಟಸ್ವಾಮಿ ಎಲ್ಲರ ಕಡೆ ಮುಖ ತಿರುಗಿಸಿ, ತರಗತಿಯಲ್ಲಿ ಮಾತಾಡುವ ದನಿಯಲ್ಲಿ ಹೇಳಿದರು:

“ಎಲ್ರೂ ಇವ್ರ ದನಿ ಸರ್ಯಾಗ್ ಕೇಳ್ಕೊಳಿ. ಮುಂದೆ ಎಲ್ಲಾದ್ರೂ ಕೇಳ್ಸುದ್ರೆ ಗುರ್ತು ಸಿಗ್ಬೇಕು.”

ಆತ ಅದನ್ನು ಹೊಗಳಿಕೆ ಎಂದುಕೊಂಡ. ಕೈ ಮುಗಿದು, ನಕ್ಕು, ಮೂಲೆ ಸೈಟಿನ ವಿಚಾರವನ್ನು ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳತೊಡಗಿದ.